ಇರುವೆಯಾದ ಮೊಳೆ

ಶನಿವಾರ ಸಂಜೆ ನಮ್ಮ ಬೀದಿಯ ಕೊನೆ ಮನೆಯ ಹುಡುಗ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಹಳೇ ಕ್ಯಾಲೆಂಡರಿನ ಹಾಳೆ, ಹಾಳೆಯೊಳಗೆ ಒಂದು ತೆಳ್ಳನೆಯ ಪುಸ್ತಕ. ಬಾಣಂತಿ ಮಗುವನ್ನು ಬಿಚ್ಚುವ ಹಾಗೆ ಬಿಚ್ಚಿ ನನ್ನ ಮುಂದಿಟ್ಟ.

‘ಫಸ್ಟ್ ಎಡಿಷನ್ನಾ ನೋಡಿ ತಾತ. ಅಜ್ಜಿ ಟ್ರಂಕಲ್ಲಿತ್ತು.’

ಮಕ್ಕಳ ಪದ್ಯಕತೆಗಳ ಪುಸ್ತಕ. ಕ್ರೌನ್ 1/8 ಸೈಜು, 48 ಪುಟ. ಮುಖಪುಟ ಹೋಗಿದೆ. ಶೀರ್ಷಿಕೆ ಪುಟದ ಕೆಳಗಿನ ಅರ್ಧವನ್ನು ಯಾರೋ ಹರಿದಿದ್ದಾರೆ, ದೋಣಿ ಮಾಡಲಿಕ್ಕಿರಬೇಕು. ಅಂದರೆ ಯಾವ ವರ್ಷ, ಎಷ್ಟನೆಯ ಮುದ್ರಣ, ಎಷ್ಟು ಬೆಲೆ ಎಂದು ಹೇಳಬೇಕಾದ ಜಾಗವೇ ಮಳೆನೀರಿನಲ್ಲಿ ತೇಲಿಹೋಗಿದೆ. ಪುಸ್ತಕದ ಹೆಸರು ಇಲ್ಲಿ ಹೇಳುವುದಿಲ್ಲ. ಹುಡುಗ ಅದರ ಫೋಟೋ ತೆಗೆದು ನಾಲ್ಕು ಕಡೆ ಹಾಕಿದ್ದಾನೆ, ಆಗಲೇ ಇಬ್ಬರು ಫೋನು ಮಾಡಿ ಅಜ್ಜಿಯ ನಿದ್ದೆ ಕೆಡಿಸಿದ್ದಾರೆ.

ಅವನ ಆಸೆಯ ಮೂಲ ನನಗೆ ಗೊತ್ತಿತ್ತು. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ 1997ರಲ್ಲಿ ಲಂಡನ್ನಿನ ಬ್ಲೂಮ್ಸ್‌ಬರಿಯವರಿಂದ ಬಂದಾಗ ಗಟ್ಟಿ ರಟ್ಟಿನ ಪ್ರತಿಗಳು ಬರೀ 500. ಬಹುಪಾಲು ಗ್ರಂಥಾಲಯಗಳಿಗೇ ಹೋದವು. ಇವತ್ತು ಅದರ ಒಂದು ಪ್ರತಿ ಸಿಕ್ಕರೆ ಮನೆ ಕಟ್ಟಿಸಬಹುದು. ಗುರುತು ಹಿಡಿಯುವುದೂ ಸುಲಭ. ಹಕ್ಕುಗಳ ಪುಟದಲ್ಲಿ 10ರಿಂದ 1ರವರೆಗೆ ಅಂಕಿಗಳ ಸಾಲಿದ್ದು, ಕೊನೆಗೆ 1 ಉಳಿದಿರಬೇಕು. 53ನೇ ಪುಟದಲ್ಲಿ ಶಾಲೆಗೆ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಮಂತ್ರದಂಡ ಎರಡು ಸಲ ಬಂದಿರಬೇಕು. ಕರಡು ತಿದ್ದಿದವನ ಕಣ್ತಪ್ಪಿಗೆ ಈಗ ಚಿನ್ನದ ಬೆಲೆ. ನಾನು ಕರಡು ತಿದ್ದುತ್ತಿದ್ದಾಗ ಅಂಥ ತಪ್ಪು ಬಿಟ್ಟಿದ್ದಕ್ಕೆ ಮಾಲೀಕರು ಸಂಬಳ ಹಿಡಿದಿದ್ದರು.

ಆ ಅಂಕಿಸಾಲಿನ ಉಪಾಯ ಹುಡುಗನಿಗೆ ಅರ್ಥವಾಗಿರಲಿಲ್ಲ. ಪ್ಲೇಟಿನ ಮೇಲಿರುವುದನ್ನು ಕೆರೆದು ಅಳಿಸುವುದು ಸುಲಭ, ಹೊಸದಾಗಿ ಸೇರಿಸುವುದು ಕಷ್ಟ. ಎರಡನೇ ಸಲ ಅಚ್ಚು ಹಾಕುವಾಗ 1 ಅಳಿಸುತ್ತಾರೆ, ಮೂರನೇ ಸಲ 2. ಉಳಿದದ್ದರಲ್ಲಿ ಸಣ್ಣ ಅಂಕಿಯೇ ಮುದ್ರಣದ ಸಂಖ್ಯೆ. ಇಷ್ಟು ಕೇಳಿದ್ದೇ ತಡ, ತನ್ನ ಪುಸ್ತಕದಲ್ಲೂ ಅಂಥ ಸಾಲು ಹುಡುಕತೊಡಗಿದ.

‘ಅದು ಪ್ಲೇಟಿಟ್ಟುಕೊಂಡವರ ಲೆಕ್ಕ ಮಾರಾಯ. ನಿನ್ನದು ಮೊಳೆಯ ಪುಸ್ತಕ’ ಅಂದೆ.

ನಾನು ಅಚ್ಚಿನ ಅಕ್ಷರದ ಮೊಳೆ ಜೋಡಿಸಿದವನು. 1967ರಲ್ಲಿ, ಮೀಸೆ ಮೂಡುವ ಮುಂಚೆ, ಬೆಂಗಳೂರಿನ ಚಾಮರಾಜಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ತುಂಬಿದ ಕೇಸಿನ ಮುಂದೆ ನಿಂತೆ. ಕಂಪ್ಯೂಟರು ಬಂದು ಪ್ರೆಸ್ಸಿನ ಬಾಗಿಲು ಮುಚ್ಚುವವರೆಗೆ ಅಲ್ಲೇ ಇದ್ದೆ. ಆಮೇಲೆ ಹತ್ತು ವರ್ಷ ಬೈಂಡಿಂಗು. ಆದ್ದರಿಂದ ಹಳೆಯ ಪುಸ್ತಕ ಕೈಗೆ ಬಂದರೆ ನಾನು ಮೊದಲು ಓದುವುದಿಲ್ಲ, ತಡವುತ್ತೇನೆ. ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರಗಳು ಸಣ್ಣ ದದ್ದಿನ ಹಾಗೆ ತಗುಲಬೇಕು. ಸೀಸದ ಮೊಳೆ ಕಾಗದವನ್ನು ಕಚ್ಚಿದ ಗುರುತು ಅದು. ಆಫ್‌ಸೆಟ್ಟಿನ ಹಾಳೆ ನುಣ್ಣಗಿರುತ್ತದೆ.

ಇವನ ಪುಸ್ತಕದಲ್ಲಿ ದದ್ದು ಚೆನ್ನಾಗಿಯೇ ಇತ್ತು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮಂಥ ಸಣ್ಣ ಪ್ರೆಸ್ಸುಗಳಲ್ಲಿ ಮೊಳೆ ಯಾವತ್ತೂ ಸಾಲುತ್ತಿರಲಿಲ್ಲ. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತು ಬೇಕು. ಕೇಸಿನ ಮನೆಗಳೇ ಒಂದು ವಠಾರದಷ್ಟು. ಎರಡು ಮೂರು ಫಾರಮ್ಮಿಗೆ ಆಗುವಷ್ಟು ಮೊಳೆ ಇದ್ದರೆ ಆ ಮಾಲೀಕ ಸಾಹುಕಾರ. ಒಂದು ಫಾರಂ, ಅಂದರೆ 16 ಪುಟ, ಸಾವಿರ ಪ್ರತಿ ಅಚ್ಚಾಗಿ ಇಳಿಯಿತು ಅಂದರೆ ಸೀಮೆಎಣ್ಣೆಯಲ್ಲಿ ಮೊಳೆ ತೊಳೆದು, ಬಿಚ್ಚಿ, ಒಂದೊಂದನ್ನೂ ಅದರದರ ಮನೆಗೆ ಹಾಕಬೇಕು. ಆಗಲೇ ಮುಂದಿನ ಫಾರಂ ಜೋಡಿಸಲು ಸಾಮಾನು. ಪುಸ್ತಕದ ಕೊನೆಯ ಪುಟ ಅಚ್ಚಾಗುವ ಹೊತ್ತಿಗೆ ಮೊದಲ ಪುಟದ ‘ಕ’ ಯಾರದೋ ಮದುವೆ ಕಾಗದದಲ್ಲಿ ‘ಕಲ್ಯಾಣ’ವಾಗಿರುತ್ತಿತ್ತು.

ಸಾವಿರ ಪ್ರತಿ ಮುಗಿದು ಇನ್ನೊಂದು ಸಾವಿರ ಬೇಕಾದರೆ? ಮತ್ತೆ ಮೊದಲಿನಿಂದ ಜೋಡಣೆ. ಬೇರೆ ಕೈ, ಬೇರೆ ಪ್ರೆಸ್ಸು, ಕೆಲವು ಸಲ ಬೇರೆ ಊರು. ಆದ್ದರಿಂದ ಕನ್ನಡದ ಹಳೆಯ ಪುಸ್ತಕದ ಎರಡನೆಯ ಮುದ್ರಣವೆಂದರೆ ಅದೇ ಅಚ್ಚಿನ ಇನ್ನಷ್ಟು ಪ್ರತಿಗಳಲ್ಲ, ಹೊಸ ಅಚ್ಚು. ಸಾಲು ಮುರಿಯುವ ಜಾಗ ಬೇರೆ, ಒತ್ತಿನ ಬಾಲ ಮುರಿದ ಜಾಗ ಬೇರೆ, ತಪ್ಪುಗಳೂ ಬೇರೆ. ಹಳೆಯ ತಪ್ಪು ತಿದ್ದುವ ಉತ್ಸಾಹದಲ್ಲಿ ಹೊಸದನ್ನು ಸೇರಿಸುವುದು ನಮ್ಮ ಕಸುಬಿನ ಧರ್ಮ. ‘ಮುದ್ರಣ’, ‘ಆವೃತ್ತಿ’ ಎಂಬ ಎರಡು ಮಾತುಗಳನ್ನು ಕನ್ನಡದ ಪ್ರಕಾಶಕರು ಅದಲುಬದಲು ಬಳಸಿದ್ದಾರೆಂದು ಪಂಡಿತರು ಬೈಯುವುದನ್ನು ಕೇಳಿದ್ದೇನೆ. ಬೈಯುವವರು ಕೇಸಿನ ಮುಂದೆ ಒಂದು ದಿನ ನಿಲ್ಲಬೇಕಿತ್ತು. ಮೊಳೆಯ ಕಾಲದಲ್ಲಿ ಆ ಎರಡಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಕಲ್ಲಚ್ಚಿನದೂ ಇದೇ ಕತೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಛಾಪಖಾನೆ ಶುರು ಮಾಡಿದಾಗ ಅವರದು ಕಲ್ಲಚ್ಚು. 1843ರ ಮಂಗಳೂರ ಸಮಾಚಾರ ಬಂದದ್ದೂ ಕಲ್ಲಚ್ಚಿನಲ್ಲೇ. ಒಂದು ಕೆಲಸ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಸಪಾಟು ಮಾಡಿ ಮುಂದಿನದನ್ನು ಬರೆಯುತ್ತಿದ್ದರು. ಹಳೆಯದು ಮತ್ತೆ ಬೇಕೆಂದರೆ ಕೈ ಮತ್ತೆ ಬರೆಯಬೇಕು.

ಆದರೆ ಮಕ್ಕಳ ಪುಸ್ತಕಕ್ಕೆ ಒಂದು ವಿಶೇಷವಿದೆ: ಚಿತ್ರ. ಅಕ್ಷರ ಬಿಚ್ಚಿಹೋಗುತ್ತದೆ, ಚಿತ್ರದ ಬ್ಲಾಕು ಬಿಚ್ಚಿಹೋಗುವುದಿಲ್ಲ. ಸತುವಿನ ತಗಡಿನ ಮೇಲೆ ಗೆರೆಗಳನ್ನು ಕೊರೆಸಿ, ಅದನ್ನು ಮರದ ತುಂಡಿಗೆ ಸಣ್ಣ ಮೊಳೆ ಹೊಡೆದು ಕೂರಿಸಿದರೆ ಬ್ಲಾಕು. ಮಾಡಿಸಲು ದುಡ್ಡು ಬೀಳುತ್ತಿತ್ತು. ಅದಕ್ಕೇ ಪ್ರಕಾಶಕರು ಕೆಲಸ ಮುಗಿದ ಮೇಲೆ ಎಣಿಸಿಕೊಂಡು ಮನೆಗೊಯ್ದು ಡಬ್ಬಿಯಲ್ಲಿಡುತ್ತಿದ್ದರು. ಮುಂದಿನ ಮುದ್ರಣಕ್ಕೆ ಅಕ್ಷರ ಹೊಸದು, ಚಿತ್ರ ಹಳೆಯದು. ಹೊಸ ಅಕ್ಷರದಿಂದ ನನಗೇನೂ ತಿಳಿಯುವುದಿಲ್ಲ. ಹಳೆಯದಾಗುತ್ತ ಹೋಗುವ ಚಿತ್ರ ಮಾತ್ರ ಸುಳ್ಳು ಹೇಳುವುದಿಲ್ಲ. ಇದನ್ನು ಹುಡುಗನಿಗೆ ಆಗಲೇ ಹೇಳಲಿಲ್ಲ. ಹೇಳಿದ್ದರೆ ಎದ್ದು ಹೋಗುತ್ತಿದ್ದ.

‘ಅರಿಕೆ ಓದು’ ಅಂದೆ.

ಎರಡನೆಯ ಎಲೆಯಲ್ಲಿ ಲೇಖಕರ ಅರಿಕೆ ಇತ್ತು. ಕೆಳಗೆ ಸಹಿ, ಸಹಿಯ ಎಡಕ್ಕೆ ‘ಬೆಂಗಳೂರು ಸಿಟಿ, ವಿಜಯ ಸಂ|| ದೀಪಾವಳಿ’. ಹುಡುಗ ಫೋನು ತೆಗೆದು ವಿಜಯ ಸಂವತ್ಸರ ಎಂದು ಒತ್ತಿದ. ಫೋನು 2013 ಅಂದಿತು. ಮುಖ ಇಷ್ಟಗಲ ಮಾಡಿಕೊಂಡು ನನ್ನನ್ನೇ ನೋಡಿದ.

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2013ಕ್ಕೆ ಹಿಂದಿನ ವಿಜಯ 1953, ಅದಕ್ಕೂ ಹಿಂದಿನದು 1893. ಕಾಗದ, ಅಕ್ಷರದ ಮೈಕಟ್ಟು, ಲಂಗ ತೊಟ್ಟು ಬಳಪ ಹಿಡಿದು ಶಾಲೆಗೆ ಹೋಗುವ ಹುಡುಗಿಯ ಚಿತ್ರ ನೋಡಿದರೆ 1893 ಅಲ್ಲ. ಆದ್ದರಿಂದ ಅರಿಕೆ ಬರೆದದ್ದು 1953ರ ದೀಪಾವಳಿಗೆ. ‘ಹಾಗಾದ್ರೆ ಪುಸ್ತಕ 1953!’ ಅಂದ. ಅಲ್ಲ. ಅರಿಕೆಯ ದಿನ ಪುಸ್ತಕದ ದಿನವಲ್ಲ. ದೀಪಾವಳಿಗೆ ಅರಿಕೆ ಬರೆದುಕೊಟ್ಟ ಲೇಖಕರು ಯುಗಾದಿಯವರೆಗೆ ಪ್ರೆಸ್ಸಿಗೆ ಎಡತಾಕಿ ಚಪ್ಪಲಿ ಸವೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕಿಂತ ದೊಡ್ಡ ತೊಡಕು, ಮೊದಲ ಮುದ್ರಣದ ಅರಿಕೆಯನ್ನೇ ಎರಡನೆಯದರಲ್ಲಿ, ನಾಲ್ಕನೆಯದರಲ್ಲಿ ಹಾಗೇ ಎತ್ತಿ ಹಾಕುತ್ತಾರೆ. ಪುಸ್ತಕ ಇದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರಿಕೆ ಹೇಳಬಲ್ಲದು.

ಇದಕ್ಕಿಂತ ಈಚಿನದಲ್ಲ ಎಂದು ಹೇಳುವುದು ಉಳಿದಿರುವ ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿದ ಬಹುಮಾನದ ಚೀಟಿ. ಅಜ್ಜಿಯ ಹೆಸರು, ಪ್ರೈಮರಿ ನಾಲ್ಕನೇ ತರಗತಿ, ಕಂಠಪಾಠದಲ್ಲಿ ಎರಡನೇ ಬಹುಮಾನ, ಮಾರ್ಚ್ 1961. ಮೊದಲನೇ ಬಹುಮಾನಕ್ಕೆ ಏನು ಕೊಟ್ಟರೋ ಎಂದು ಹುಡುಗ ಕೇಳಿದ. ಅಜ್ಜಿಗೆ ಇವತ್ತಿಗೂ ನೆನಪಿದೆಯಂತೆ: ಸ್ಟೀಲ್ ಲೋಟ.

ಹಾಗಾದರೆ 1953ಕ್ಕೂ 1961ಕ್ಕೂ ನಡುವೆ. ಈ ನಡುವೆಯೇ ನಮ್ಮ ದುಡ್ಡು ಬದಲಾಯಿತು. 1957ರ ಏಪ್ರಿಲ್ 1ರವರೆಗೆ ರೂಪಾಯಿ, ಆಣೆ, ಪೈ. ಪುಸ್ತಕದ ಬೆಲೆಯನ್ನು 0-8-0 ಎಂದು ಮೂರು ಮನೆಯಲ್ಲಿ ಹಾಕುತ್ತಿದ್ದರು. ಅಲ್ಲಿಂದಾಚೆ ರೂಪಾಯಿಗೆ ನೂರು ನಯಾ ಪೈಸೆ. 1964ರಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಆದ್ದರಿಂದ ‘ನ.ಪೈ.’ ಎಂದಿದ್ದರೆ ಆ ಏಳೇ ವರ್ಷದ ಸರಕು. ಇನ್ನೂ ಇಂಥ ಗುರುತುಗಳಿವೆ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕೆ ಮುಂಚಿನದಾಗಲು ಸಾಧ್ಯವಿಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು ಎನ್ನಬಹುದು, ಹಳೆಯ ಲೆಟರ್‌ಹೆಡ್ಡು ಮುಗಿಯುವವರೆಗೆ ಬಳಸುವ ನಮ್ಮ ಜಿಪುಣತನಕ್ಕೆ ಒಂದೆರಡು ವರ್ಷ ಬಿಟ್ಟು. ‘ವಿದ್ಯಾ ಇಲಾಖೆಯವರಿಂದ ಅಂಗೀಕೃತ’ ಎಂದು ಮೆರೆಯುವ ಮಕ್ಕಳ ಪುಸ್ತಕದ ಮೇಲೂ ನನಗೆ ಸಂಶಯ. ಇಲಾಖೆಗೆ ಕಳಿಸಲು ಅಚ್ಚಾದ ಪುಸ್ತಕ ಬೇಕಲ್ಲ. ಒಪ್ಪಿಗೆಯ ಮಾತು ಸಾಮಾನ್ಯವಾಗಿ ಮುಂದಿನ ಮುದ್ರಣಕ್ಕೇ ಬರುವುದು.

ಇವನ ಪುಸ್ತಕದ ಬೆಲೆ ದೋಣಿಯಾಗಿ ಹೋಗಿತ್ತು ಎಂದೆನಲ್ಲ. ಆದರೆ ಕೊನೆಯ ಪುಟದಲ್ಲಿ ಅದೇ ಪ್ರಕಾಶಕರ ಬೇರೆ ಮಕ್ಕಳ ಪುಸ್ತಕಗಳ ಜಾಹೀರಾತಿತ್ತು. ಐದು ಹೆಸರು, ಐದು ಬೆಲೆ, ಕೊನೆಯದಕ್ಕೆ ‘75 ನ.ಪೈ.’

ಹುಡುಗನಿಗೆ ವಕೀಲನಾಗುವ ಲಕ್ಷಣವಿದೆ. ‘ಜಾಹೀರಾತು ಆಮೇಲೆ ಅಂಟಿಸಿರಬಹುದು ತಾತ. ಪುಸ್ತಕ ಹಳೇದು, ಹಾಳೆ ಹೊಸದು’ ಅಂದ. ಪ್ರಶ್ನೆ ಸರಿಯಾದದ್ದೇ. ಉಳಿದುಹೋದ ಹಳೆಯ ಪ್ರತಿಗಳಿಗೆ ಹೊಸ ಎಲೆ ಅಂಟಿಸಿ ಮಾರಿದ್ದುಂಟು. ಉತ್ತರ ಹೊಲಿಗೆಯಲ್ಲಿತ್ತು. ಪುಸ್ತಕವನ್ನು ನಡುವಿನಲ್ಲಿ ದಾರ ಹಾಕಿ ಹೊಲಿದಿದ್ದಾರೆ, ನೋಟ್‌ಬುಕ್ಕಿನ ಹಾಗೆ. ಹಾಗೆ ಹೊಲಿದಾಗ ಹೊರಗಿನ ಫಾರಮ್ಮಿನಲ್ಲಿ 1ರಿಂದ 8, ಮತ್ತೆ 41ರಿಂದ 48 ಪುಟಗಳು ಬರುತ್ತವೆ. ಮೊದಲ ಎಲೆಯೂ ಕೊನೆಯ ಎಲೆಯೂ ಮಡಚಿದ ಒಂದೇ ಕಾಗದ. ಬೆನ್ನನ್ನು ನಿಧಾನವಾಗಿ ಬಿಡಿಸಿ ಬೆಳಕಿಗೆ ಹಿಡಿದು ತೋರಿಸಿದೆ. ಅರ್ಧ ಹರಿದ ಶೀರ್ಷಿಕೆ ಪುಟ ಬೆನ್ನು ದಾಟಿ ಆಚೆಗೆ ಹೋಗಿ ಜಾಹೀರಾತಿನ ಪುಟವಾಗಿತ್ತು. ಅಂಟೂ ಇಲ್ಲ, ತೇಪೆಯೂ ಇಲ್ಲ. ನಯಾ ಪೈಸೆ ಅಚ್ಚಾದ ದಿನವೇ ಶೀರ್ಷಿಕೆಯೂ ಅಚ್ಚಾಗಿದೆ.

1957ರಿಂದ 1961ರ ನಡುವೆ. ಅರಿಕೆ ಬರೆದದ್ದು 1953ರಲ್ಲಿ. ಕಡಿಮೆಯೆಂದರೂ ಮೂರೂಕಾಲು ವರ್ಷದ ಅಂತರ. ಪ್ರೆಸ್ಸಿನವರು ಎಷ್ಟೇ ಸೋಮಾರಿಗಳಾದರೂ ಅಷ್ಟು ತಡ ಮಾಡುವುದಿಲ್ಲ.

ಹುಡುಗನ ಮುಖ ಬಾಡಿತು. ಕಾಫಿ ತರಿಸಿದೆ. ಸಮಾಧಾನಕ್ಕೆಂದು ಒಂದು ಕತೆ ಹೇಳಿದೆ. ನನಗೆ ಬಹಳ ಇಷ್ಟವಾದ ಕತೆ. ಮುದ್ರಕರಿಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುವಂಥದ್ದು.

ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು, ಚಾರ್ಲ್ಸ್ ಡಾಜ್‌ಸನ್. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಆಲಿಸ್ ಎಂಬ ಹುಡುಗಿಯ ಕತೆ ಬರೆದರು. ಪ್ರಕಾಶಕರು ಮ್ಯಾಕ್ಮಿಲನ್, ಖರ್ಚು ಮಾತ್ರ ಮೇಷ್ಟ್ರದೇ. ನಮ್ಮಲ್ಲಿ ಈಗಲೂ ನಡೆಯುವ ವ್ಯವಸ್ಥೆ ಎನ್ನಿ. ಜಾನ್ ಟೆನಿಯಲ್ ಎಂಬ ಹೆಸರಾಂತ ಚಿತ್ರಗಾರರಿಂದ 42 ಚಿತ್ರ ಬರೆಸಿದರು, ಡಾಲ್ಜಿಯಲ್ ಸೋದರರಿಂದ ಮರದ ಬ್ಲಾಕು ಕೆತ್ತಿಸಿದರು. 1865ರ ಬೇಸಿಗೆಯಲ್ಲಿ ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರೆಸ್ಸಿನಲ್ಲಿ 2000 ಪ್ರತಿ ಅಚ್ಚಾಯಿತು. ಮಕ್ಕಳ ಕಣ್ಣಿಗೆ ಹಿಡಿಸಲಿ ಎಂದು ಕೆಂಪು ಬಟ್ಟೆಯ ರಟ್ಟು. ಮೊದಲು ಕಟ್ಟಿಬಂದ ಪ್ರತಿಗಳನ್ನು ಮೇಷ್ಟ್ರು ಬೇಕಾದವರಿಗೆಲ್ಲ ಕೊಟ್ಟೂಬಿಟ್ಟರು. ಜುಲೈ 19ಕ್ಕೆ ಚಿತ್ರಗಾರರ ತಕರಾರು ಬಂತು: ಚಿತ್ರಗಳ ಅಚ್ಚು ಏನೇನೂ ಚೆನ್ನಾಗಿಲ್ಲ.

ನಾನಾಗಿದ್ದರೆ ಶಾಯಿಯ ಮೇಲೆ ತಪ್ಪು ಹಾಕಿ ಜಾರಿಕೊಳ್ಳುತ್ತಿದ್ದೆ. ಮೇಷ್ಟ್ರು ಅಷ್ಟೂ ಮುದ್ರಣವನ್ನು ಕೈಬಿಟ್ಟರು. ಕೊಟ್ಟ ಪ್ರತಿಗಳನ್ನು ದಯವಿಟ್ಟು ಹಿಂದಕ್ಕೆ ಕಳಿಸಿ ಎಂದು ಕಾಗದ ಬರೆದರು. ಹಿಂದಕ್ಕೆ ಬಂದವು ಆಸ್ಪತ್ರೆಯ ಮಕ್ಕಳ ಪಾಲಾದವು. ರಿಚರ್ಡ್ ಕ್ಲೇ ಎಂಬ ಬೇರೆ ಮುದ್ರಕರಿಂದ ಮತ್ತೆ ಅಚ್ಚು ಹಾಕಿಸಿದರು. ಅದು ಅಂಗಡಿಗೆ ಬಂದದ್ದು 1865ರ ನವೆಂಬರಿನಲ್ಲಿ. ಶೀರ್ಷಿಕೆ ಪುಟದಲ್ಲಿ ಮಾತ್ರ 1866 ಎಂದಿತ್ತು. ಮೊದಲಿನ ಅಚ್ಚಿನ ಪ್ರತಿಗಳಲ್ಲಿ ಇವತ್ತು ಲೋಕದಲ್ಲಿ ಉಳಿದಿರುವುದು ಇಪ್ಪತ್ತು ಚಿಲ್ಲರೆ.

ನನಗೆ ಇನ್ನೂ ರುಚಿಯಾದ ಭಾಗ ಮುಂದಿದೆ. ತಿರಸ್ಕಾರವಾದ ಆ ಹಾಳೆಗಳು, ಕಟ್ಟದೆ ಬಿದ್ದಿದ್ದವು, ಏನಾದವು? ನ್ಯೂಯಾರ್ಕಿನ ಆಪಲ್ಟನ್ ಎಂಬ ಪ್ರಕಾಶಕರು ಕೊಂಡರು. 1866 ಎಂದು ಹೊಸ ಶೀರ್ಷಿಕೆ ಪುಟ ಹಾಕಿ ಅಮೆರಿಕದಲ್ಲಿ ಮಾರಿದರು. ಲಂಡನ್ನಿನಲ್ಲಿ ಚೆನ್ನಾಗಿಲ್ಲದ್ದು ನ್ಯೂಯಾರ್ಕಿಗೆ ನಡೆಯುತ್ತದೆ! ಈಗ ನೋಡಿ ತಮಾಷೆ. 1866 ಎಂದು ಬರೆದ ಎರಡು ಆಲಿಸ್ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ, ಲಂಡನ್ನಿನದು ಎರಡನೆಯ ಅಚ್ಚು, ನ್ಯೂಯಾರ್ಕಿನದು ಮೊದಲನೆಯ ಅಚ್ಚು. ಶೀರ್ಷಿಕೆ ಪುಟವೊಂದನ್ನೇ ನಂಬಿದವನು ಕೆಟ್ಟ. ನಮ್ಮ ಹುಡುಗನ ವಕೀಲಿ ಪ್ರಶ್ನೆ, ಹಾಳೆ ಹಳೆಯದು ಎಲೆ ಹೊಸದು ಎಂಬುದು, ಅಲ್ಲಿ ನಿಜವಾಗಿತ್ತು.

ಟೆನಿಯಲ್ಲರ ಚಿತ್ರದ ಮರದ ಬ್ಲಾಕುಗಳನ್ನು ನೇರವಾಗಿ ಅಚ್ಚಿಗೆ ಹಾಕಿ ಸವೆಸಲಿಲ್ಲ. ಅವುಗಳಿಂದ ಲೋಹದ ಪಡಿಯಚ್ಚು ತೆಗೆದು ಅದರಲ್ಲಿ ಮುದ್ರಿಸುತ್ತಿದ್ದರು. ಮೂಲ ಬ್ಲಾಕುಗಳು 1985ರಲ್ಲಿ ಲಂಡನ್ನಿನ ಒಂದು ಬ್ಯಾಂಕಿನ ನೆಲಮಾಳಿಗೆಯ ಭದ್ರಕೋಣೆಯಲ್ಲಿ ಸಿಕ್ಕವು. ಅದನ್ನು ಓದಿದ ದಿನ ನಾನು ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಪ್ರೆಸ್ಸು ಮುಚ್ಚಿದಾಗ ಬ್ಲಾಕುಗಳೆಲ್ಲ ತೂಕಕ್ಕೆ ಹೋದವು. ಸತು ಬೇರೆ, ಮರ ಬೇರೆ. ಮರದ ತುಂಡುಗಳಲ್ಲಿ ಮೂರು ದಿನ ಪಕ್ಕದ ಹೋಟೆಲಿನವರು ನೀರು ಕಾಯಿಸಿದರು.

ಮೊದಲ ಮುದ್ರಣಕ್ಕೆ ಬೆಲೆ ಬರುವುದೇ ಯಾರಿಗೂ ಬೇಡವಾದ ದಿನಗಳ ಗುರುತು ಅದರ ಮೈಮೇಲೆ ಇರುವುದರಿಂದ ಎಂದು ನನ್ನ ಅನಿಸಿಕೆ. ಪೀಟರ್ ಮೊಲದ ಕತೆಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದಾಗ ಬಿಯಾಟ್ರಿಕ್ಸ್ ಪಾಟರ್ ತಾವೇ ಕೈಯಿಂದ ದುಡ್ಡು ಹಾಕಿ 1901ರ ಡಿಸೆಂಬರಿನಲ್ಲಿ 250 ಪ್ರತಿ ಮಾಡಿಸಿದರು. ಕೆಲವೇ ವಾರಗಳಲ್ಲಿ ಇನ್ನೂ 200. ಮೊದಲಿನವಕ್ಕೆ ಚಪ್ಪಟೆ ಬೆನ್ನು, ಆಮೇಲಿನವಕ್ಕೆ ದುಂಡು ಬೆನ್ನು. ಬೈಂಡರಿನ ಕೈ ಬದಲಾದದ್ದೇ ಇಲ್ಲಿ ಗುರುತು. ಅದನ್ನು ಬೇಡವೆಂದಿದ್ದವರಲ್ಲೇ ಒಬ್ಬರಾದ ವಾರ್ನ್ ಕಂಪನಿಯವರು ಬಣ್ಣದ ಚಿತ್ರಗಳೊಂದಿಗೆ ಅದನ್ನು ಹೊರತಂದದ್ದು 1902ರ ಅಕ್ಟೋಬರಿನಲ್ಲಿ.

ನಮ್ಮಲ್ಲೂ ಮಕ್ಕಳಿಗಾಗಿ ಬರೆದವರು ಕೈಯಿಂದ ಹಾಕಿಕೊಂಡದ್ದುಂಟು. ದಕ್ಷಿಣ ಕನ್ನಡದ ಶಾಲಾ ಮೇಷ್ಟ್ರು ಪಂಜೆ ಮಂಗೇಶರಾಯರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. ಆದ್ದರಿಂದ ಮಂಗಳೂರು ಕಡೆಯ ಹಳೆಯ ಮಕ್ಕಳ ಪುಸ್ತಕದಲ್ಲಿ ಪಂಜೆ ಎಂಬ ಹೆಸರು ಕಾಣಲಿಲ್ಲವೆಂದು ಎತ್ತಿ ರದ್ದಿಗೆ ಹಾಕಬೇಡಿ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟದ ‘ಬಾಲ ಪ್ರಪಂಚ’ ತಂದರು. ಆ ಕಾಲದ ಬ್ಲಾಕಿನ ರೇಟು ಬಲ್ಲ ಯಾವ ಪ್ರೆಸ್ಸಿನವನೂ ಅದರ ಚಿತ್ರಗಳನ್ನು ಎಣಿಸಿ ಉಸ್ಸೆನ್ನದೆ ಇರಲಾರ. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯನ್ನು ಬಾಯಲ್ಲಿ ಹೇಳುವವರು ಲಕ್ಷಾಂತರ, ಅದರ ಮೊದಲ ಅಚ್ಚನ್ನು ಮನೆಯಲ್ಲಿಟ್ಟುಕೊಂಡವರನ್ನು ನಾನಂತೂ ಕಂಡಿಲ್ಲ. ಮಕ್ಕಳ ಪುಸ್ತಕ ಓದಿದರೆ ಸವೆಯುತ್ತದೆ, ಓದದಿದ್ದರೆ ಉಳಿಯುತ್ತದೆ. ಹೊಚ್ಚಹೊಸದರಂತಿರುವ ಹಳೆಯ ಪ್ರತಿ ಕಂಡರೆ ನನಗೆ ಸ್ವಲ್ಪ ಬೇಸರವೇ.

ಹಾಗಾದರೆ ಲೆಕ್ಕ ಎಲ್ಲೂ ಇಲ್ಲವೇ? ಇದೆ, ಅದನ್ನು ಇಟ್ಟವರು ಪುಸ್ತಕಪ್ರೇಮಿಗಳಲ್ಲ. 1857ರ ದಂಗೆಯ ಬಿಸಿ ಆರುವ ಮುಂಚೆ, 1867ರಲ್ಲಿ ಬ್ರಿಟಿಷ್ ಸರ್ಕಾರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆ ತಂದಿತು. ಅಚ್ಚಾದ ಪ್ರತಿ ಪುಸ್ತಕದ ಮೇಲೂ ಮುದ್ರಕನ ಹೆಸರು, ಊರು ಇರಬೇಕಿತ್ತು. ಸರ್ಕಾರಕ್ಕೆ ಪ್ರತಿ ಕೊಡಬೇಕಿತ್ತು. ಸರ್ಕಾರ ಮೂರು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕಿತ್ತು: ಹೆಸರು, ಭಾಷೆ, ಬರೆದವರು, ಪುಟ, ಸೈಜು, ಎಷ್ಟನೆಯ ಆವೃತ್ತಿ, ಎಷ್ಟು ಪ್ರತಿ, ಎಷ್ಟು ಬೆಲೆ, ಪ್ರೆಸ್ಸಿನಿಂದ ಹೊರಬಿದ್ದ ದಿನ ಯಾವುದು. ಯಾರು ಏನು ಅಚ್ಚು ಹಾಕಿ ಜನರನ್ನು ಎಬ್ಬಿಸುತ್ತಾರೋ ಎಂಬ ಹೆದರಿಕೆಯಿಂದ ಇಟ್ಟ ಲೆಕ್ಕದಲ್ಲಿ ಕಾಗೆ ಗುಬ್ಬಿಯ ಕತೆಗಳೂ ಸೇರಿಕೊಂಡವು. ಮಂಗಳೂರಿನವು ಮದ್ರಾಸ್ ಪ್ರಾಂತದ ಪಟ್ಟಿಯಲ್ಲಿ, ಧಾರವಾಡದವು ಮುಂಬಯಿ ಪ್ರಾಂತದ ಪಟ್ಟಿಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1954ರ ಕಾಯಿದೆಯ ಪ್ರಕಾರ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಒಂದು ಪ್ರತಿ ಹೋಗಬೇಕಾಯಿತು. ನಮ್ಮ ಮಾಲೀಕರು ಪ್ರಕಾಶಕರಿಗೆ ಅದನ್ನು ನೆನಪಿಸುತ್ತಿದ್ದರು. ಅಂಚೆ ಖರ್ಚು ಯಾರದು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತಿತ್ತು.

ಕಾಫಿ ಮುಗಿಯಿತು. ನಾನು ಎದ್ದು ಮಂಚದಡಿಯ ಪೆಟ್ಟಿಗೆ ಎಳೆದೆ. ಅದೇ ಪುಸ್ತಕದ ಇನ್ನೊಂದು ಪ್ರತಿ ನನ್ನಲ್ಲಿತ್ತು. ಎಷ್ಟೋ ವರ್ಷದ ಹಿಂದೆ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಭಾನುವಾರ, ಹಳೇ ಗೈಡುಗಳ ನಡುವೆ ಐದು ರೂಪಾಯಿಗೆ ಸಿಕ್ಕಿದ್ದು.

‘ಮೊದಲೇ ತೋರಿಸಬಾರದಿತ್ತಾ ತಾತ!’

‘ತೋರಿಸಿದ್ದರೆ ನೀನು ಇಷ್ಟು ಹೊತ್ತು ಕೂರುತ್ತಿದ್ದೆಯಾ?’

ನನ್ನದರಲ್ಲಿ ಶೀರ್ಷಿಕೆ ಪುಟ ಪೂರ್ತಿಯಿದೆ. ‘ಮೊದಲನೆಯ ಮುದ್ರಣ 1954. ಪ್ರತಿಗಳು 1000. ಬೆಲೆ ಎಂಟಾಣೆ.’ ದೀಪಾವಳಿಯ ಅರಿಕೆ, ಮುಂದಿನ ವರ್ಷದ ಪುಸ್ತಕ. ಆ ಲೇಖಕರ ಚಪ್ಪಲಿಯೂ ಸವೆದಿತ್ತು ಎಂದಾಯಿತು. ಎರಡನ್ನೂ ಚಾಪೆಯ ಮೇಲೆ ಹರಡಿ ಪುಟಕ್ಕೆ ಪುಟ ಇಟ್ಟು ನೋಡಿದೆವು. ಮೂರನೆಯ ಪದ್ಯದ ಸಾಲು ನನ್ನದರಲ್ಲಿ ಒಂದು ಕಡೆ ಮುರಿದಿದ್ದರೆ ಅವನದರಲ್ಲಿ ಇನ್ನೊಂದು ಕಡೆ. ನನ್ನದರಲ್ಲಿ ‘ಅಜ್ಜಿ’ಯ ಒತ್ತಿಗೆ ಬಾಲವಿಲ್ಲ, ಅವನದರಲ್ಲಿದೆ. ನನ್ನದರ 19ನೇ ಪುಟದಲ್ಲಿ ತಲೆಕೆಳಗಾಗಿ ಕೂತ ಒಂದು ಸೊನ್ನೆ ಕೂಡ ಇದೆ ಎಂದು ತೋರಿಸಿದೆ. ಸೊನ್ನೆ ತಲೆಕೆಳಗಾದದ್ದು ಹೇಗೆ ಗೊತ್ತಾಗುತ್ತೆ ಎಂದ. ಸಾಲಿನಿಂದ ಕೂದಲೆಳೆಯಷ್ಟು ಮೇಲೆ ಕೂತಿರುತ್ತದೆ. ಅದು ಕಾಣಲು 30 ವರ್ಷ ಕೇಸಿನ ಮುಂದೆ ನಿಲ್ಲಬೇಕು.

ಕೊನೆಗೆ 23ನೇ ಪುಟದ ಚಿತ್ರ. ಅಂಗಳದಲ್ಲಿ ಅಜ್ಜಿ ಭತ್ತ ಕುಟ್ಟುತ್ತಿದ್ದಾಳೆ, ಹಂಚಿನ ಮೇಲೆ ಕಾಗೆ ಕಾದು ಕೂತಿದೆ. ನನ್ನ ಪ್ರತಿಯಲ್ಲಿ ಗೆರೆಗಳು ಈಗಷ್ಟೇ ಬರೆದ ಹಾಗೆ ಚೂಪಾಗಿವೆ. ಹುಡುಗನದರಲ್ಲಿ ಅದೇ ಚಿತ್ರ, ಅದೇ ಬ್ಲಾಕು; ಕಾಗೆಯ ರೆಕ್ಕೆಯ ಸಣ್ಣ ಗೆರೆಗಳು ಕೂಡಿಕೊಂಡು ಮಸಿಯಾಗಿವೆ, ಚೌಕಟ್ಟಿನ ಎಡಮೂಲೆ ನವೆದಿದೆ. ಬಲಗಡೆ ಕೆಳಗೆ, ಚೌಕಟ್ಟಿಗೆ ತಾಗಿದ ಹಾಗೆ, ಸಾಸಿವೆಯಷ್ಟು ಒಂದು ಕರಿ ಚುಕ್ಕೆ. ನನ್ನದರಲ್ಲಿ ಅದಿಲ್ಲ.

ಅದು ಮೊಳೆ. ಅಕ್ಷರದ ಮೊಳೆಯಲ್ಲ, ತಗಡನ್ನು ಮರಕ್ಕೆ ಹಿಡಿದ ಕಬ್ಬಿಣದ ಮೊಳೆ. ಮೂರ್ನಾಲ್ಕು ವರ್ಷ ಪ್ರಕಾಶಕರ ಡಬ್ಬಿಯಲ್ಲಿದ್ದ ಮರ ಒಣಗಿ ಕುಗ್ಗುತ್ತದೆ, ಮೊಳೆ ತಲೆಯೆತ್ತುತ್ತದೆ. ಮಷಿನ್ ಮೇಲೆ ಹೋದಾಗ ರೋಲರು ಅದಕ್ಕೂ ಶಾಯಿ ಬಳಿಯುತ್ತದೆ. ಕಣ್ಣಿರುವ ಮಷಿನ್‌ಮ್ಯಾನ್ ನಾಲ್ಕು ಹಾಳೆಯೊಳಗೆ ಅದನ್ನು ಕಂಡು, ಮಷಿನ್ ನಿಲ್ಲಿಸಿ, ಮೊಳೆಯ ತಲೆಗೆ ಒಂದು ಏಟು ಹಾಕಿ ಮುಂದುವರಿಸುತ್ತಾನೆ. ಇಲ್ಲಿ ಹಾಕಿಲ್ಲ. ಮೊದಲ ಮುದ್ರಣದಲ್ಲಿ ಹೊಸ ಬ್ಲಾಕಿಗೆ ಇಂಥ ಚುಕ್ಕೆ ಬರುವುದು ಅಪರೂಪ. ಬೆಲೆ, ಅರಿಕೆ, ಜಾಹೀರಾತು ಒಂದೂ ಇಲ್ಲದಿದ್ದರೂ ಈ ಚುಕ್ಕೆಯೊಂದೇ ನನಗೆ ಸಾಕಿತ್ತು.

ಹುಡುಗ ಪುಸ್ತಕವನ್ನು ಕಣ್ಣಿನ ಹತ್ತಿರ ತಂದುಕೊಂಡ. ‘ತಾತ, ಇದಕ್ಕೆ ಕಾಲಿದೆ’ ಅಂದ.

ಕನ್ನಡಕ ಒರೆಸಿ ನೋಡಿದೆ. ನಿಜ. ಆ ಚುಕ್ಕೆಗೆ ಯಾರೋ ಸೀಸದ ಕಡ್ಡಿಯಲ್ಲಿ ಆರು ಕಾಲು, ಎರಡು ಮೀಸೆ ಬರೆದಿದ್ದರು. ಇರುವೆ ಭತ್ತದ ಕಾಳಿನ ಕಡೆಗೆ ಮುಖ ಮಾಡಿತ್ತು. 1961ರ ನಾಲ್ಕನೇ ತರಗತಿಯ ಎರಡನೇ ಬಹುಮಾನದವರ ಕೈಕೆಲಸ. ಹುಡುಗ ಅಲ್ಲಿಂದಲೇ ಫೋನು ಹಚ್ಚಿ ಕೇಳಿದ. ‘ಇರುವೆ ಅಲ್ಲ ಕಣೋ, ಗೊದ್ದ’ ಎಂದರಂತೆ ಅಜ್ಜಿ.

‘ಹಾಗಾದ್ರೆ ಇದಕ್ಕೆ ಎಷ್ಟು ಬರಬಹುದು?’ ಎಂದು ಹೋಗುವ ಮುಂಚೆ ಮತ್ತೆ ಕೇಳಿದ. ಏನೂ ಬರುವುದಿಲ್ಲ ಎಂದು ನಿಜವನ್ನೇ ಹೇಳಿದೆ. ನನ್ನ ಮೊದಲ ಮುದ್ರಣಕ್ಕೂ ಏನೂ ಬರುವುದಿಲ್ಲ. ಅದರಲ್ಲಿ ನಡುವಿನ ನಾಲ್ಕು ಪುಟವೇ ಇಲ್ಲ. ಆ ನಾಲ್ಕು ಪುಟವನ್ನು ಅವನ ಪುಸ್ತಕದಿಂದ ಜೆರಾಕ್ಸ್ ಮಾಡಿಸಿಕೊಂಡೆ. ನನ್ನ ಶೀರ್ಷಿಕೆ ಪುಟದ ಜೆರಾಕ್ಸನ್ನು ಅವನು ಒಯ್ದ. ಅದರಲ್ಲಿ ‘ಮೊದಲನೆಯ ಮುದ್ರಣ’ ಎಂದಿದೆ, ನಿನ್ನ ಪುಸ್ತಕಕ್ಕೆ ಅಂಟಿಸಬೇಡ ಎಂದು ಎರಡು ಸಲ ಹೇಳಿ ಕಳಿಸಿದ್ದೇನೆ.

ಓದುವವರಲ್ಲಿ ಒಂದು ಕೋರಿಕೆ. ಬೈಂಡಿಂಗ್ ಮಾಡುತ್ತಿದ್ದ ಹತ್ತು ವರ್ಷದಲ್ಲಿ ನಾನು ಎಷ್ಟೋ ಹಳೆಯ ಪುಸ್ತಕಗಳ ಮುಖಪುಟ ಕಿತ್ತು, ಜಾಹೀರಾತಿನ ಎಲೆ ತೆಗೆದು, ಅಂಚು ಕತ್ತರಿಸಿ, ಗಟ್ಟಿ ರಟ್ಟು ಹಾಕಿ ಕೊಟ್ಟಿದ್ದೇನೆ. ಒಂದು ಲೈಬ್ರರಿಯವರಂತೂ ಗೋಣಿಚೀಲದಲ್ಲಿ ತಂದು ಸುರಿಯುತ್ತಿದ್ದರು. ಕಿತ್ತ ಮುಖಪುಟಗಳನ್ನು ನಾವು ಗೋಂದಿನ ಬಟ್ಟಲಿನ ಕೆಳಗೆ ಹಾಸುತ್ತಿದ್ದೆವು. ನಿಮ್ಮ ಮನೆಯಲ್ಲಿ ಆಣೆಯ ಬೆಲೆಯ ಮಕ್ಕಳ ಪುಸ್ತಕವಿದ್ದರೆ ಬೈಂಡಿಂಗಿಗೆ ಕೊಡಬೇಡಿ. ಕೊಡಲೇಬೇಕಾದರೆ ಮುಖಪುಟವನ್ನೂ ಕೊನೆಯ ಜಾಹೀರಾತನ್ನೂ ಒಳಗೆ ಸೇರಿಸಿ ಹೊಲಿಯಲು ಹೇಳಿ, ಅಂಚು ಕತ್ತರಿಸಲು ಬಿಡಬೇಡಿ. ಮಕ್ಕಳು ಪೆನ್ಸಿಲಿನಲ್ಲಿ ಬರೆದದ್ದನ್ನು ರಬ್ಬರು ಹಾಕಿ ಅಳಿಸಬೇಡಿ.